ಎಡಗಡೆಯ ಸೊನ್ನೆಗಳು

ಕಾನ್ವೆಂಟಿನಲ್ಲಿ ಕಲಿತವಳು ನಾನು. ಮಂಗಲ್ಪಾಡಿಯ ನಮ್ಮ ಭಾಗದಲ್ಲಿ ಯಾರಿಗೆ ಇಂಗ್ಲಿಷ್ ಕಾಗದ ಬಂದರೂ ಓದಿಸಲು ಇವತ್ತಿಗೂ ನಮ್ಮ ಮನೆಗೇ ಬರುತ್ತಾರೆ. ಹಾಗಾಗಿ ಮೊಮ್ಮಗಳು ಅನನ್ಯಾ, "ಅಜ್ಜಿ, ನಾಳೆ ಪಂಚಾಯತ್ ಸಭೆಯಲ್ಲಿ ಲ್ಯಾಪ್‌ಟಾಪ್ ನೀವೇ ನೋಡಿಕೊಳ್ಳಬೇಕು" ಎಂದಾಗ ನನಗೆ ಆಶ್ಚರ್ಯವಾಗಲಿಲ್ಲ. ಇಷ್ಟು ದಿನ ಯಾಕೆ ಕೇಳಲಿಲ್ಲ ಎಂದಷ್ಟೇ ಅನಿಸಿತು.

ಅವಳದು ಸಮುದ್ರದ ಮೇಲೆ ರಿಸರ್ಚ್. ಕಡಲ ಬದಿಯಲ್ಲಿ ಮೀನು ಮಾರುವವರಿಗೆ ಶೆಡ್ ಕಟ್ಟಲು ಜಾಗ ಗುರುತು ಮಾಡಿದ್ದರು. ಬಿರುಗಾಳಿ ಬಂದರೆ ಅಲ್ಲಿಗೆ ನೀರು ನುಗ್ಗುತ್ತದೆ, ಶೆಡ್ಡನ್ನು ಮೇಲಕ್ಕೆ ಸರಿಸಿ ಎಂದು ಊರವರನ್ನು ಅವಳು ಒಪ್ಪಿಸಬೇಕಿತ್ತು. ಒಪ್ಪದಿದ್ದರೆ ಮುಂದಿನ ವಾರವೇ ಕೆಲಸ ಶುರು.

"ಒಂದೊಂದು ಫೈಲಿನಲ್ಲಿ ಒಂದೊಂದು ಹೊತ್ತಿನ ಸಮುದ್ರದ ಚಿತ್ರ ಉಂಟು ಅಜ್ಜಿ. ಎಲ್ಲದಕ್ಕೂ ನಂಬರ್ ಕೊಟ್ಟಿದ್ದೇನೆ. ಸಾಫ್ಟ್‌ವೇರ್ ಅದನ್ನು ಸಾಲಾಗಿ ತೆಗೊಂಡು ಸಿನಿಮಾದ ಹಾಗೆ ತೋರಿಸ್ತದೆ. ನೀವು ಪ್ಲೇ ಒತ್ತಿದ್ರೆ ಸಾಕು" ಎಂದು ಹೇಳಿ ಪ್ರೊಜೆಕ್ಟರ್ ತರಲು ಹೋದಳು.

ಪ್ರಾಕ್ಟೀಸ್ ಮಾಡೋಣವೆಂದು ಫೋಲ್ಡರ್ ತೆರೆದೆ. ಸೊನ್ನೆ ಸೊನ್ನೆ ಒಂದು. ಸೊನ್ನೆ ಸೊನ್ನೆ ಎರಡು. ಹೀಗೇ ಕೆಳಗಿನವರೆಗೆ.

ಅಂಕೆಯ ಎಡಗಡೆಯ ಸೊನ್ನೆಗೆ ವ್ಯಾಲ್ಯೂ ಇಲ್ಲ ಎಂದು ಸಿಸ್ಟರ್ ಫಿಲೋಮಿನಾ ಬೋರ್ಡಿಗೆ ಡಸ್ಟರ್ ಕುಟ್ಟಿ ಕಲಿಸಿದ್ದರು. ಆ ಚಾಕ್‌ಪೀಸಿನ ವಾಸನೆ ಈಗಲೂ ಒಮ್ಮೊಮ್ಮೆ ಎಲ್ಲಿಂದಲೋ ಬರುತ್ತದೆ. ಆ ಬೆಂಚಿನಲ್ಲಿ ಇನ್ನೊಂದು ಪೀರಿಯಡ್ ಕೂರುವ ಆಸೆಯಾಗುತ್ತದೆ. ಸಿಸ್ಟರ್ ಈಗಿಲ್ಲ. ಅವರ ಗಣಿತದ ಮಾನ ಕಾಯುವ ಹೊಣೆ ನನ್ನ ಮೇಲೆ ಬಿದ್ದಿತ್ತು.

ಮಧ್ಯಾಹ್ನವಿಡೀ ಕೂತು ಒಂದೊಂದೇ ಹೆಸರಿನಿಂದ ಸೊನ್ನೆ ಕಿತ್ತೆ. ನಂಬರ್ ಓದಿ ಹೇಳಲು ನಮ್ಮವರನ್ನು ಕೂರಿಸಿಕೊಂಡೆ. ಅಕ್ಕಿ ಮಿಲ್ಲಿನಲ್ಲಿ ಅಳೆದು ಅಳೆದು ರಿಟೈರ್ ಆದ ಮನುಷ್ಯ. ಸೇರು ಅಳೆಯುವಾಗ ಮೊದಲನೆಯದನ್ನು ಒಂದು ಅನ್ನದೆ ಲಾಭ ಅನ್ನುವುದೇ ರೂಢಿ.

"ಲಾಭ" ಎಂದರು.

"ಇದು ಸೈನ್ಸ್. ಒಂದು ಅನ್ನಿ."

"ಆ ಹುಡುಗಿ ಇಟ್ಟ ಸೊನ್ನೆ ನೀನು ಎಂತಕ್ಕೆ ತೆಗೆಯುವುದು ಮಾರಾಯ್ತಿ?"

"ನಾನು ಕಾನ್ವೆಂಟ್."

ಅವರು ಮುಂದಿನ ನಂಬರ್ ಓದಿದರು. ನಮ್ಮ ಮನೆಯ ಎಷ್ಟೋ ವಾದಗಳು ಈ ಎರಡು ಶಬ್ದದಲ್ಲೇ ಮುಗಿದಿವೆ.

ಮರುದಿನ ಇಸ್ತ್ರಿ ಸೀರೆ ಉಟ್ಟು, ಸಭೆಯ ಮುಂದೆ ಕುಳಿತು, ಪೈಲಟ್ ವಿಮಾನ ಎಬ್ಬಿಸುವ ಗಾಂಭೀರ್ಯದಲ್ಲಿ ಪ್ಲೇ ಒತ್ತಿದೆ.

"ಈಗ ನೀರು ನಿಧಾನಕ್ಕೆ ಮೇಲೆ ಬರ್ತದೆ" ಎಂದಳು ಅನನ್ಯಾ ಮೈಕಿನಲ್ಲಿ.

ನೀರು ಒಂದೇ ನೆಗೆತಕ್ಕೆ ರಸ್ತೆಗೆ ಬಂತು. ಏನೋ ಮರೆತವರಂತೆ ವಾಪಸ್ ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು.

ಮೀನು ಮಾರುವ ಕಮಲಕ್ಕ ಹಿಂದಿನಿಂದ ಹೇಳಿದಳು: "ಅಮ್ಮ, ನಿಮ್ಮ ಸಮುದ್ರ ಬಸ್ಸು ತಪ್ಪಿದವರ ಹಾಗೆ ಓಡ್ತಾ ಉಂಟಲ್ಲ."

ಸಭೆಯಿಡೀ ನಕ್ಕಿತು. ಅಧ್ಯಕ್ಷರು ವಾಚ್ ನೋಡಿದರು. "ಹಾಗಾದ್ರೆ ಶೆಡ್ ಮೊದಲು ಹೇಳಿದಲ್ಲೇ ಇರ್ಲಿ, ಅಲ್ವಾ?"

ಅನನ್ಯಾ ಬಂದು ಸ್ಕ್ರೀನ್ ನೋಡಿದಳು.

"ಅಜ್ಜಿ, ಸೊನ್ನೆ ಎಲ್ಲಿ?"

"ತೆಗೆದೆ. ಅದಕ್ಕೆ ವ್ಯಾಲ್ಯೂ ಇಲ್ಲ."

"ಈ ಸಾಫ್ಟ್‌ವೇರ್ ನಂಬರನ್ನು ಡಿಕ್ಷನರಿಯ ಶಬ್ದದ ಹಾಗೆ ಜೋಡಿಸುವುದು ಅಜ್ಜಿ. ಸೊನ್ನೆ ಇಲ್ಲದಿದ್ರೆ ಒಂದರ ಹಿಂದೆಯೇ ಹತ್ತು ಬಂದು ನಿಲ್ತದೆ. ಎರಡು ಪಾಪ ಎಲ್ಲೋ ಹಿಂದೆ."

ಬೈಯಲಿಲ್ಲ. ಎಲ್ಲರಿಗೂ ಚಹಾ ಕೊಡಲು ಹೇಳಿ, ಏನೋ ಒಂದು ಸಾಲು ಟೈಪ್ ಮಾಡಿದಳು. ನಾನು ಮಧ್ಯಾಹ್ನವಿಡೀ ಕಿತ್ತ ಸೊನ್ನೆಗಳೆಲ್ಲ ಚಹಾ ಆರುವ ಮೊದಲೇ ಸ್ವಸ್ಥಾನ ಸೇರಿದವು.

ಈ ಸಲ ಸಮುದ್ರ ಸಮುದ್ರದ ಹಾಗೆಯೇ ಬಂತು. ಸ್ವಲ್ಪ ಸ್ವಲ್ಪವೇ ಏರಿ, ಗುರುತಿನ ಜಾಗವನ್ನು ಮುಚ್ಚಿ ನಿಂತಿತು. ಯಾರೂ ನಗಲಿಲ್ಲ.

ಕಮಲಕ್ಕ ಎದ್ದಳು. "ಹುಡುಗಿ ಹೇಳುವುದು ಸರಿ ಉಂಟು. ನಾನಂತೂ ಅಲ್ಲಿ ಬುಟ್ಟಿ ಇಡುವುದಿಲ್ಲ."

ಶೆಡ್ ಮೇಲಕ್ಕೆ ಹೋಯಿತು. ಪಕ್ಕದಲ್ಲಿದ್ದವರಿಗೆಲ್ಲ, "ನನ್ನ ಮೊಮ್ಮಗಳು" ಎಂದೆ. ಅವರಿಗೆ ಗೊತ್ತಿತ್ತು. ಮತ್ತೊಮ್ಮೆ ಹೇಳಿದೆ.

ಕೊನೆಗೆ ಗ್ರೂಪ್ ಫೋಟೋ. ನನ್ನನ್ನು ಎಡಗಡೆಯ ತುದಿಯಲ್ಲಿ ನಿಲ್ಲಿಸಿದರು. ನಮ್ಮವರು ಅದಕ್ಕೆ ಫ್ರೇಮ್ ಹಾಕಿಸಿ ಚಾವಡಿಯಲ್ಲಿ ತೂಗುಹಾಕಿದ್ದಾರೆ. ಬಂದವರಿಗೆಲ್ಲ ಬೆರಳು ಮಾಡಿ ತೋರಿಸುತ್ತಾರೆ:

"ಎಡದ ತುದಿಯಲ್ಲಿ ಕಾಣ್ತದಲ್ಲ, ಅದಕ್ಕೆ ವ್ಯಾಲ್ಯೂ ಇಲ್ಲ. ಆದ್ರೆ ತೆಗೀಬಾರ್ದು."