ವಿಮಾನಕ್ಕೆ ಮೂಗುದಾರ

ಹಳೆಯ ವಿಮಾನವನ್ನು ಮೊದಲ ಸಲ ಕೊಳ್ಳುವವರಿಗೆ ಬುದ್ಧಿ ಹೇಳಲು ನೀನ್ಯಾರು ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ನಾನು ಮುಳಬಾಗಿಲಿನ ಮಿಡ್ಲ್ ಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರು. ಈವರೆಗೆ ನಾನು ಸ್ವಂತಕ್ಕೆಂದು ಕೊಂಡ ವಾಹನ ಒಂದು ಸೈಕಲ್. ಅದಕ್ಕೂ ಬೆಲ್ ಇಲ್ಲ. ಆದರೆ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಸೀಮೆಯಲ್ಲಿ ಹಳೆಯ ವಿಮಾನವೊಂದರ ವ್ಯಾಪಾರವನ್ನು ಆರಂಭದಿಂದ ಪಕ್ಕದಲ್ಲಿ ನಿಂತು, ಮುಖ್ಯವಾದ ಭಾಗವನ್ನು ಒಳಗೆ ಕೂತು ನೋಡಿದವನು ನಾನೊಬ್ಬನೇ ಎಂದು ನಂಬಿದ್ದೇನೆ. ಕಂಡದ್ದನ್ನು ಕಂಡಷ್ಟೇ ಹೇಳುತ್ತೇನೆ. ಕಣ್ಣು ಮುಚ್ಚಿಕೊಂಡಿದ್ದ ಹೊತ್ತಿನಲ್ಲಿ ಏನಾಯಿತೋ ಅದಕ್ಕೆ ನಾನು ಜವಾಬ್ದಾರನಲ್ಲ.

ವಿಮಾನ ತನಗೇಕೆ ಬೇಕು ಎಂಬುದು ಕೊಳ್ಳುವವನಿಗೆ ಮೊದಲೇ ತಿಳಿದಿರಬೇಕು. ನನ್ನ ಮಾವ ನಾರಾಯಣಪ್ಪನವರಿಗೆ ಅದು ಚೆನ್ನಾಗಿಯೇ ತಿಳಿದಿತ್ತು. ಶ್ರೀನಿವಾಸಪುರದಲ್ಲಿ ಅವರದು ಮಾವಿನ ಮಂಡಿ. ಯುದ್ಧ ಮುಗಿದ ಹೊಸದರಲ್ಲಿ ಮಿಲಿಟರಿಯವರು ಬೇಡವೆಂದು ಮಾರಿದ ಲಾರಿಯೊಂದನ್ನು ಎದುರು ಮಂಡಿಯವನು ತಂದ. ತಂದವನು ಹಣ್ಣು ತುಂಬಿಕೊಂಡು ಸುಮ್ಮನೆ ಹೋಗಬಾರದೇ? ತನ್ನ ಅಳಿಯನಿಗೆ ಹಾರ ಹಾಕಿ, ಡ್ರೈವರ್ ಪಕ್ಕದಲ್ಲಿ ಕೂರಿಸಿ, ಊರೆಲ್ಲ ಮೆರವಣಿಗೆ ಮಾಡಿಸಿದ. ಲಾರಿ ನಮ್ಮ ಮಂಡಿಯ ಮುಂದೆ ಬಂದಾಗ ನಿಂತು ಹಾರನ್ ಬಾರಿಸಿತು. ಆ ದಿನ ಮಾವ ಊಟ ಮಾಡಲಿಲ್ಲ. ಮರುದಿನ, ಮಾಲೂರಿನ ಹೆಂಚಿನ ಕಾರ್ಖಾನೆಯ ಮೊದಲಿಯಾರರು ತಮ್ಮ ಪುಟ್ಟ ವಿಮಾನವನ್ನು ಮಾರುತ್ತಾರೆಂಬ ಸುದ್ದಿ ಬಂದ ಮೇಲೆ ಎರಡು ದಿನದ್ದನ್ನು ಸೇರಿಸಿ ಊಟ ಮಾಡಿದರು. ಕೈ ತೊಳೆಯುತ್ತ ನನ್ನ ಕಡೆ ತಿರುಗಿ, "ಅವನ ಅಳಿಯ ನೆಲದ ಮೇಲೆ ಹೋದ. ನಮ್ಮ ಅಳಿಯಂದಿರು ಮೇಲೇ ಹೋಗ್ತಾರೆ" ಎಂದರು. ನಾನು ಆ ಮನೆಗೆ ಒಬ್ಬನೇ ಅಳಿಯ. ಹಣ್ಣಿನ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಹಾರ ಹಾಕಿಸಿಕೊಂಡು, ಶ್ರೀನಿವಾಸಪುರದಿಂದ ಕೋಲಾರಕ್ಕೆ ಆಕಾಶದಲ್ಲಿ ಹೋಗುವುದು ನನ್ನ ಪಾಲಿಗೆ ಬಂತು.

ನನಗೆ ಅಟ್ಟ ಹತ್ತಲೂ ಭಯ. ಇದನ್ನು ನನ್ನ ಹೆಂಡತಿ ಕಮಲಳಿಗೆ ಗುಟ್ಟಾಗಿ ಹೇಳಿದೆ. ಅವಳು, "ಅಪ್ಪನ ಮಾನ ನಿಮ್ಮ ಕೈಲಿದೆ ಕಣ್ರೀ. ಸುಮ್ನೆ ಕೂತ್ಕೊಂಡು ಹೋಗೋದು ತಾನೆ? ಹಾರೋದು ಅದು, ನೀವಲ್ಲ" ಎಂದಳು.

ಕೊಳ್ಳಲು ಹೋಗುವಾಗ ತಿಳಿದವರನ್ನು ಜೊತೆಗೆ ಕರೆದೊಯ್ಯಬೇಕೆಂದು ಎಲ್ಲರೂ ಹೇಳುತ್ತಾರೆ. ಏನು ತಿಳಿದವರನ್ನು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಮಾವ ಪ್ಯಾರೇಸಾಬರನ್ನು ಕರೆದುಕೊಂಡರು. ಪ್ಯಾರೇಸಾಬರು ಎತ್ತಿನ ದಲ್ಲಾಳಿ. ನಮ್ಮ ಸುತ್ತಿನ ದನದ ಸಂತೆಗಳಲ್ಲಿ ಅವರ ಕಣ್ಣು ತಪ್ಪಿಸಿ ಮುದಿ ಎತ್ತು ಮಾರಿದವರಿಲ್ಲ. "ತಾನಾಗಿ ಚಲಿಸೋ ಯಾವ ವಸ್ತುವಾದ್ರೂ ಪ್ಯಾರೇಸಾಬರು ನೋಡದೆ ನಾನು ಕೊಳ್ಳೋನಲ್ಲ" ಎಂದರು ಮಾವ. ಹೆಂಚು ಒಣಗಿಸುವ ಬಯಲಿನಲ್ಲಿ ವಿಮಾನ ನಿಂತಿತ್ತು. ರೆಕ್ಕೆಗೊಂದೊಂದು, ಬಾಲಕ್ಕೊಂದು ಹಗ್ಗ ಬಿಗಿದು ಗೂಟಗಳಿಗೆ ಕಟ್ಟಿದ್ದರು. ಪ್ಯಾರೇಸಾಬರು ಮೊದಲು ದೂರದಿಂದ ನಿಲುವು ನೋಡಿದರು. ಆಮೇಲೆ ಹತ್ತಿರ ಹೋಗಿ ಪಕ್ಕೆ ತಟ್ಟಿದರು. "ಅರೆ ಸಾಮಿ, ಇದು ಬಟ್ಟೆ!" ಎಂದು ಬೆಚ್ಚಿದರು. "ಎಲ್ಲವೂ ಹಾಗೇ ಇರುವುದು" ಎಂದರು ಮೊದಲಿಯಾರರು. ಮೈಯೆಲ್ಲ ಸವರಿ, ಕೆಟ್ಟ ಸುಳಿ ಎಲ್ಲೂ ಇಲ್ಲವೆಂದು ಸಾಬರು ತೀರ್ಮಾನ ಹೇಳಿದರು. ಕೊನೆಗೆ ಬಾಲವನ್ನು ಒಂದೇ ಕೈಯಿಂದ ಎತ್ತಿ ನೋಡಿ, "ಹಗುರ! ಮೇವು ಕಮ್ಮಿ ತಿನ್ನುತ್ತೆ" ಎಂದು ಮಾವನಿಗೆ ಕಣ್ಣು ಹೊಡೆದರು. ನಮ್ಮನ್ನು ಹೊರಬೇಕಾದ ವಸ್ತುವನ್ನು ಒಬ್ಬ ಮುದುಕರು ಒಂದೇ ಕೈಯಲ್ಲಿ ಎತ್ತಿದರೆ ಓದುಗರು ಅಲ್ಲೇ ನಿಂತು ಯೋಚಿಸಬೇಕು. ನಾನು ಯೋಚಿಸಿದೆ, ಆದರೆ ಅಳಿಯನಿಗೆ ಯೋಚಿಸುವ ಹಕ್ಕು ಮಾತ್ರ ಇರುತ್ತದೆ.

ಮೊದಲಿಯಾರರು ತಮ್ಮ ವಿಮಾನವನ್ನು ಹೊಗಳಿದ ಬಗೆ ನೆನಪಿಡತಕ್ಕದ್ದು. "ಹೆಚ್ಚು ಓಡಿಸಿಲ್ಲ ಸ್ವಾಮಿ. ಕೂತವನು ನಾನೊಬ್ಬನೇ. ಭಾನುವಾರ ಮಾತ್ರ. ಅದೂ ಮೋಡ ಇಲ್ಲದಿದ್ದರೆ." ಬೆಲೆಯ ಮಾತು ಬಂದಾಗ ಪ್ಯಾರೇಸಾಬರು ಹೆಗಲ ಟವೆಲನ್ನು ಮೊದಲಿಯಾರರ ಕೈಮೇಲೆ ಹಾಕಿ, ಅದರಡಿಯಲ್ಲಿ ಅವರ ಬೆರಳು ಹಿಡಿದರು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಎಷ್ಟು ಬೆರಳು ಒತ್ತಿದರೆ ಎಷ್ಟು ಎಂಬುದು ಕೊಟ್ಟವನಿಗೂ ಕೊಂಡವನಿಗೂ ಗೊತ್ತು. ಮೊದಲಿಯಾರರಿಗೆ ಗೊತ್ತಿರಲಿಲ್ಲ. ಇದು ನಮ್ಮ ಕಡೆಯ ಸ್ನೇಹದ ರೀತಿಯೆಂದು ತಿಳಿದು ಅವರು ಐದೂ ಬೆರಳಿನಿಂದ ಪ್ರೀತಿಯಾಗಿ ಒತ್ತಿದರು. ಸಾಬರ ಮುಖ ಕಪ್ಪಿಟ್ಟಿತು. ಕೈ ಬಿಡಲಿಲ್ಲ. ಬಿಸಿಲಿನಲ್ಲಿ ಬೆವರಿ ಮೊದಲಿಯಾರರ ಹಿಡಿತ ಒಂದೊಂದೇ ಬೆರಳಾಗಿ ಸಡಿಲಿತು. ಸಾಬರ ಮುಖ ಒಂದೊಂದೇ ಬೆರಳಿಗೆ ಅರಳಿತು. "ಸಾಕು, ಆಯಿತು, ಒಪ್ಪಿದೆ" ಎಂದು ಮೊದಲಿಯಾರರು ಕೈ ಎಳೆದುಕೊಂಡರು. ಏನನ್ನು ಒಪ್ಪಿದೆನೆಂದು ಟವೆಲ್ ತೆಗೆದ ಮೇಲೆ ಅವರಿಗೆ ತಿಳಿಯಿತು. ಆದರೂ ದೊಡ್ಡ ಮನುಷ್ಯರು. ಕೊಟ್ಟ ಮಾತು ಹಿಂತೆಗೆಯಲಿಲ್ಲ. ಬದಲಿಗೆ ಗೂಟದ ಹಗ್ಗಗಳನ್ನು ಬಿಚ್ಚಿ ಸುತ್ತಿ ಮಾವನ ಮುಂದೆ ಹಿಡಿದು, "ಇವನ್ನೂ ತೆಗೆದುಕೊಂಡು ಹೋಗಿ. ರೆಕ್ಕೆಗೂ ಬಾಲಕ್ಕೂ ಕಟ್ಟಬೇಕು, ಮರೆಯಬೇಡಿ" ಎಂದರು.

ಮಾವ ಎರಡು ಹೆಜ್ಜೆ ಹಿಂದೆ ಸರಿದರು. ನಮ್ಮ ಕಡೆ ದನ ಮಾರಿದವನು ಹಗ್ಗ ಕೊಡುವುದಿಲ್ಲ. ಕೊಟ್ಟರೆ ಅವನ ಕೊಟ್ಟಿಗೆಯ ಭಾಗ್ಯವೇ ಅದರ ಹಿಂದೆ ಹೊರಟುಹೋಗುತ್ತದೆಂದು ನಂಬಿಕೆ. ಮರ್ಯಾದೆಯುಳ್ಳ ಯಾರೂ ಅದನ್ನು ಮುಟ್ಟುವುದಿಲ್ಲ, ಹೊಸ ಹಗ್ಗವನ್ನು ತಾವೇ ತರುತ್ತಾರೆ. "ಹಗ್ಗ ನಿಮ್ಮದು ಸ್ವಾಮಿ. ನಾವು ಅಷ್ಟು ತಿಳೀದೋರಲ್ಲ" ಎಂದು ಮಾವ ಕೈ ಮುಗಿದರು. ದಾರಿಯಲ್ಲಿ ಪ್ಯಾರೇಸಾಬರು ನನ್ನ ಕಿವಿಯಲ್ಲಿ, "ಬಾಲಕ್ಕೆ ಹಗ್ಗ ಕಟ್ಟೋದು ಎಲ್ಲಾದ್ರೂ ಉಂಟಾ ಮೇಷ್ಟ್ರೇ? ಪ್ರಾಣೀಗೆ ಅವಮಾನ ಆಗಲ್ವಾ?" ಎಂದರು.

ಮೊದಲಿಯಾರರ ಡ್ರೈವರು ವಿಮಾನವನ್ನು ಹಾರಿಸಿಕೊಂಡು ಬಂದು, ಶ್ರೀನಿವಾಸಪುರದ ಬತ್ತಿದ ಕೆರೆಯಂಗಳದಲ್ಲಿ ಇಳಿಸಿದ. ಪೆಟ್ರೋಲಿಗೆ ಇನ್ನೂ ಕೂಪನ್ ಇದ್ದ ಕಾಲ. "ಟ್ಯಾಂಕಿನಲ್ಲಿ ಒಂದು ತೊಟ್ಟೂ ಇಲ್ಲ, ಶುಕ್ರವಾರ ತರ್ತೀನಿ, ಅವತ್ತೇ ಮೇಷ್ಟ್ರನ್ನ ಕೋಲಾರಕ್ಕೆ ಬಿಟ್ಟುಬರ್ತೀನಿ" ಎಂದು ಹೇಳಿ ಬಸ್ ಹತ್ತಿದ. ಅವನು ಹೋದ ಮೇಲೆ ಮಾವ ವಿಮಾನದ ಮೂತಿಗೆ ಅರಿಶಿನ ಕುಂಕುಮ ಹಚ್ಚಿ, ಗೆಜ್ಜೆ ಕಟ್ಟಿದ ಹೊಸ ಹಗ್ಗವೊಂದನ್ನು ಮುಂದಿನ ಫ್ಯಾನಿನ ಬುಡಕ್ಕೆ ಮೂಗುದಾರದಂತೆ ಸುತ್ತಿ, ದಡದ ಹುಣಸೆಮರಕ್ಕೆ ಕಟ್ಟಿದರು. ಹಗ್ಗವನ್ನು ಧಾರಾಳವಾಗಿ ಉದ್ದ ಬಿಟ್ಟಿದ್ದರು. ಎತ್ತಿಗಾದರೆ ಸುತ್ತ ಮೇಯಲು ಅನುಕೂಲ.

ಆ ಭಾನುವಾರ ನಾನು ಕುರುಡುಮಲೆಗೆ ಹೋಗಿ ಗಣಪತಿಯ ಮುಂದೆ ನಿಂತೆ. ಅಷ್ಟು ದೊಡ್ಡ ಗಣಪತಿ. ಚಿಕ್ಕ ವರ ಕೇಳಲು ಸಂಕೋಚವಾಗಲಿಲ್ಲ. ಮಾವನ ಮಾನ ಹೋಗಬಾರದು, ಆದರೆ ಶುಕ್ರವಾರ ಆ ವಿಮಾನ ನನ್ನನ್ನು ಹೊತ್ತು ಹಾರಬಾರದು ಎಂದು ಸ್ಪಷ್ಟವಾಗಿ ಬೇಡಿಕೊಂಡೆ. ವರ ಕೇಳುವಾಗ ಇಷ್ಟು ಕರಾರುವಾಕ್ಕಾಗಿರಬಾರದೆಂದು ಈಗ ತಿಳಿದಿದೆ. ನಾನು ಬುಧವಾರದ ಮಾತನ್ನೇ ಎತ್ತಿರಲಿಲ್ಲ.

ಬುಧವಾರ ಬೆಳಿಗ್ಗೆ ಮಾವ, "ಹೊಸ ಹೋರೀನ ನೊಗಕ್ಕೆ ಒಗ್ಗಿಸಲ್ವಾ? ಹಾಗೇ ನೀವೂ ಒಸಿ ಹೊತ್ತು ಅದರಲ್ಲಿ ಕೂತು ಒಗ್ಗಿಕೊಳ್ಳಿ" ಎಂದರು. ಪೆಟ್ರೋಲಿಲ್ಲ, ಡ್ರೈವರಿಲ್ಲ, ಇದಕ್ಕಿಂತ ಒಳ್ಳೆಯ ವಿಮಾನಯಾನ ನನಗೆ ಸಿಗಲಾರದೆಂದು ಸಂತೋಷದಿಂದಲೇ ಹತ್ತಿದೆ. ಕಮಲ ರಸಪುರಿ ಬುಟ್ಟಿಯನ್ನು ತೊಡೆಯ ಮೇಲಿಟ್ಟಳು. ಪ್ಯಾರೇಸಾಬರು ಪಟ್ಟಿ ಬಿಗಿದರು. ಆಷಾಢದ ಗಾಳಿ ಪಡುವಣದಿಂದ ಬೀಸುತ್ತಲೇ ಇತ್ತು. ಆಗ ದೊಡ್ಡದೊಂದು ಗಾಳಿ ಬಂತು. ಮೊದಲು ಬಾಲ ಎದ್ದಿತು. ಸಾಬರು ಮತ್ತೆ ಎತ್ತಿ ನೋಡುತ್ತಿದ್ದಾರೆಂದುಕೊಂಡೆ. ಆಮೇಲೆ ಮಾವನ ರುಮಾಲು ನನ್ನ ಕಣ್ಣಿನ ಮಟ್ಟದಿಂದ ನಿಧಾನವಾಗಿ ಕೆಳಗಿಳಿಯಿತು. ಮಾವ ಏಕೆ ಕೂರುತ್ತಿದ್ದಾರೆಂದು ಆಶ್ಚರ್ಯಪಟ್ಟೆ. ಕಮಲಳ ಬೈತಲೆಯನ್ನು ನೇರ ಮೇಲಿನಿಂದ ಕಂಡಾಗಷ್ಟೇ ಕೂತವರು ಅವರಲ್ಲ, ಎದ್ದವನು ನಾನು ಎಂದು ತಿಳಿಯಿತು.

ಮಕ್ಕಳು ಗಾಳಿಪಟ ಬಿಡುವುದನ್ನು ನೀವು ನೋಡಿದ್ದೀರಿ. ಅದರೊಳಗೆ ಕೂತವರು ಕಡಿಮೆ. ಹಗ್ಗದ ತುದಿಯಲ್ಲಿ ವಿಮಾನ ಹುಣಸೆಮರದ ಎತ್ತರಕ್ಕೆ ಏರಿ, ತಲೆಯಾಡಿಸುತ್ತ ನಿಂತಿತು, ಗೆಜ್ಜೆ ಘಲಘಲಿಸುತ್ತಿತ್ತು. ಮಾವ ಹಗ್ಗಕ್ಕೆ ಜೋತುಬಿದ್ದು, "ಹೋ... ಹೋ... ನಿಲ್ಲೇ ತಾಯಿ!" ಎಂದು ಕೂಗಿದರು. "ಜಗ್ಗಬೇಡಿ ಸಾಮಿ, ಮೂಗು ಕಿತ್ತೋಗುತ್ತೆ!" ಎಂದು ಸಾಬರು. ಗಾಬರಿಯಾದರೆ ಮಾವನಿಗೆ ಕನ್ನಡ ಬರುವುದಿಲ್ಲ. "ಅಯ್ಯೋ ಅಲ್ಲುಡೂ, ದಿಗವಯ್ಯಾ, ದಿಗು!" ಎಂದು ತೆಲುಗಿನಲ್ಲಿ ಅಳಿಯನಿಗೆ ಇಳಿಯಲು ಹೇಳಿದರು. ಹೇಗೆ ಎಂದು ಹೇಳಲಿಲ್ಲ. "ಬುಟ್ಟಿ ಬಿಡಬೇಡ್ರೀ!" ಎಂದಳು ಕಮಲ. ನಾನು ಒಮ್ಮೆ ಮಾತ್ರ ಸುತ್ತ ನೋಡಿದೆ. ಊರು ಕಂಡಿತು, ಎದುರು ಮಂಡಿಯ ಸೂರು ಕಂಡಿತು, ಅದರ ಮುಂದೆ ಲಾರಿ ಕಂಡಿತು. ಆಮೇಲೆ ಕಣ್ಣು ಮುಚ್ಚಿದೆ. ಗಾಳಿ ತಟಕ್ಕನೆ ನಿಂತಿರಬೇಕು. ಕಣ್ಣು ತೆರೆದಾಗ ಜಾಲಿಪೊದೆಯಲ್ಲಿದ್ದೆ. ಒಂದು ರೆಕ್ಕೆ ಮಡಿಸಿಕೊಂಡಿತ್ತು. ಗಲ್ಲ ತರಚಿತ್ತು; ಬುಟ್ಟಿಯನ್ನು ಮಾತ್ರ ಬಿಟ್ಟಿರಲಿಲ್ಲ.

ಕಮಲ ಅಳುತ್ತ ಬಂದು ನನ್ನ ಕೈಕಾಲು ಮುಟ್ಟಿ ನೋಡಿದಳು. ಮಾವ ಏದುಸಿರು ಬಿಡುತ್ತ ಬಂದು ಮೊದಲು ಕೇಳಿದ್ದು ಒಂದೇ: "ಲಾರಿ ಕಾಣಿಸ್ತಾ?"

"ಕಾಣಿಸಿತು."

"ಎಷ್ಟಿತ್ತು?"

ಸುಳ್ಳು ಹೇಳಬಾರದು. "ಒಂದು ಎತ್ತಿನ ಗಾಡಿಯಷ್ಟಿತ್ತು" ಎಂದೆ. ಸಂಜೆಯೊಳಗೆ ಊರಿನಲ್ಲಿ ಅದು ಬೆಂಕಿಪೆಟ್ಟಿಗೆಯಷ್ಟಾಯಿತು. ಮಾವ ಶುಕ್ರವಾರಕ್ಕೆಂದು ಹೇಳಿಟ್ಟಿದ್ದ ಹಾರವನ್ನು ಅಂದೇ ತರಿಸಿ, ಹತ್ತಿ ಅಂಟಿಸಿದ ಗಲ್ಲದ ಕೆಳಗೆ ಹಾಕಿ, ನನ್ನನ್ನು ಎದುರು ಮಂಡಿಯ ಮುಂದೆ ನಡೆಸಿದರು. ಲಾರಿಯ ಅಳಿಯ ಎದ್ದು ನಿಂತು ಕೈ ಮುಗಿದ. ಗಣಪತಿ ಎರಡೂ ವರಗಳನ್ನು ಅಕ್ಷರಶಃ ಕೊಟ್ಟಿದ್ದ.

ಬೇಕಾದ್ದು ಆಗಿಹೋದ ಮೇಲೆ ವಿಮಾನದ ಮೇಲಿನ ಆಸೆ ಮಾವನಿಗೆ ಇಳಿಯಿತು. ರೆಕ್ಕೆಗೆ ಬಿದಿರು ಕಟ್ಟಿ, ಪಂಚೆಯ ತೇಪೆ ಹಾಕಿಸಿ, ವೇಮಗಲ್ಲಿನ ಒಬ್ಬ ರೇಷ್ಮೆ ವ್ಯಾಪಾರಿಗೆ ಅದನ್ನು ತೋರಿಸಿದರು. "ಹೆಚ್ಚು ಓಡಿಸಿಲ್ಲ ಸ್ವಾಮಿ. ನಮ್ಮ ಅಳಿಯಂದಿರು, ಮೇಷ್ಟ್ರು, ಅವರೊಬ್ಬರೇ. ಅದೂ ಒಂದೇ ಸಲ. ಆಗ ಒಂದು ತೊಟ್ಟು ಪೆಟ್ರೋಲೂ ಕುಡೀಲಿಲ್ಲ." ವ್ಯಾಪಾರಿ ನನ್ನ ಕಡೆ ತಿರುಗಿ, "ಹೌದಾ ಮೇಷ್ಟ್ರೇ?" ಎಂದ. ಪ್ರತಿಯೊಂದು ಮಾತನ್ನೂ ಮನಸ್ಸಿನಲ್ಲಿ ತೂಗಿ ನೋಡಿದೆ. ಸುಳ್ಳು ಒಂದೂ ಇರಲಿಲ್ಲ. "ಹೌದು" ಎಂದೆ. ವ್ಯಾಪಾರ ಕುದುರಿತು. ಆದರೆ ಮನಸ್ಸು ತಡೆಯದೆ, ಹುಣಸೆಮರದಿಂದ ಹಗ್ಗ ಬಿಚ್ಚಿಕೊಂಡು ಅವನ ಹಿಂದೆ ಓಡಿದೆ. "ಇದನ್ನು ತೆಗೆದುಕೊಂಡು ಹೋಗಿ. ರೆಕ್ಕೆಗೂ ಬಾಲಕ್ಕೂ ಕಟ್ಟಬೇಕು, ಮರೆಯಬೇಡಿ" ಎಂದೆ. ಅವನು ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದು, "ಹಗ್ಗ ನಿಮ್ಮದು ಮೇಷ್ಟ್ರೇ. ನಾನೂ ದನ ಕಟ್ಟಿದೋನೇ" ಎಂದು ಚೀಲದಿಂದ ಹೊಸದೊಂದನ್ನು ತೆಗೆದ. ಅದಕ್ಕೂ ಗೆಜ್ಜೆ ಕಟ್ಟಿದ್ದ.

ನಮ್ಮ ಹಗ್ಗವನ್ನು ಕಮಲ ಬಟ್ಟೆ ಒಣಗಿಸಲೆಂದು ಮುಳಬಾಗಿಲಿಗೆ ತಂದಳು. ವರ್ಷವೆಲ್ಲ ಅದು ಅವಳದೇ. ಆಷಾಢ ಹುಟ್ಟಿದರೆ ಮಾತ್ರ ನಾನು ಬಿಚ್ಚಿಕೊಂಡು, ಜಗಲಿಯ ಕಂಬಗಳಿಗೆ ನನ್ನ ಸೈಕಲನ್ನು ಕಟ್ಟುತ್ತೇನೆ: ಹ್ಯಾಂಡಲಿನ ಎರಡು ಬದಿಗೂ ಒಂದೊಂದು ಸುತ್ತು, ಹಿಂದಿನ ಚಕ್ರಕ್ಕೊಂದು ಸುತ್ತು. ಪಕ್ಕದ ಮನೆಯವರು ನನಗೆ ಕಳ್ಳರ ಭಯವೆಂದು ತಿಳಿದಿದ್ದಾರೆ.