ಶೇಗಾಂವ ರಸ್ತೆಯಲ್ಲಿ ವಾಕಿಂಗು

ನಡೆಯುವುದು ಬಲು ಸುಲಭ ಎನ್ನುವವರು ಒಮ್ಮೆ ನಮ್ಮ ಜತ್ತಕ್ಕೆ ಬಂದು ನಡೆದು ತೋರಿಸಬೇಕು. ಇಲ್ಲಿ ಕೆಲಸವಿದ್ದವನು ಮಾತ್ರ ನಡೆಯುತ್ತಾನೆ. ಕೆಲಸವಿಲ್ಲದೆ ನಡೆಯುವವನಿಗೆ ಏನೋ ಆಪತ್ತು ಬಂದಿದೆ ಎಂದೇ ಲೆಕ್ಕ. ನನಗೆ ಬಂದದ್ದೂ ಆಪತ್ತೇ ಅನ್ನಿ. ಬಟ್ಟೆ ಅಂಗಡಿಯ ಗಾದಿಯ ಮೇಲೆ ಕೂತು ಕೂತು ಸಕ್ಕರೆ ಕಾಯಿಲೆ ಅಂಟಿತು. "ದಿನಾ ಮುಂಜಾನಿ ನಡೀರಿ. ಮುಂದಿನ ತಪಾಸಣಿಗೆ ಸಕ್ಕರಿ ಇಳೀಲಿಲ್ಲಂದ್ರ ದಿನಾ ಸೂಜಿ," ಎಂದರು ಡಾಕ್ಟರು. ಸೂಜಿ ಎಂದರೆ ನನಗೆ ಜೀವ ಬಾಯಿಗೆ ಬರುತ್ತದೆ.

ಮರುದಿನವೇ ಹೊಸ ಬೂಟು ಹಾಕಿಕೊಂಡು ಶೇಗಾಂವ ರಸ್ತೆ ಹಿಡಿದೆ. ಎಂಥ ಚೆಂದದ ದಾರಿ ಅಂತೀರಿ! ದಿಬ್ಬದ ಮೇಲೆ ಗಾಳಿಯಂತ್ರಗಳು, ಕೆಳಗೆ ಜೋಳದ ಹೊಲ, ಮೈಗೆ ತಣ್ಣನೆ ಗಾಳಿ. ಅಷ್ಟರಲ್ಲಿ ಮೋಟರ್‌ಸೈಕಲ್ಲೊಂದು ಪಕ್ಕದಲ್ಲೇ ನಿಂತಿತು.

"ಯಾಕ್ರಿ ಸಾವ್ಕಾರ್ರ, ಗಾಡಿ ಕೆಟ್ಟೈತೇನ್ರಿ? ಹತ್ರಿ, ಹತ್ರಿ!"

"ಇಲ್ಲಪಾ, ಸುಮ್ನ ನಡ್ಯಾಕತ್ತೀನಿ."

"ನಮ್ಮ ಗಾಡಿ ಮ್ಯಾಲ ಕುಂದ್ರಾಕ ನಾಚ್ಕಿ ಏನ್ರಿ?"

ಕೇಳಿದವನು ನನ್ನ ಗಿರಾಕಿ. ಮಗಳ ಮದುವೆಯ ಬಟ್ಟೆ ಇನ್ನೂ ಕೊಳ್ಳಬೇಕಾದವನು. ತೆಪ್ಪಗೆ ಹತ್ತಿದೆ. ತನ್ನ ಮನೆಗೇ ಒಯ್ದು, ಸಕ್ಕರೆ ಸುರಿದ ಚಹಾ ಕುಡಿಸಿ, ಇನ್ನೊಬ್ಬರ ಗಾಡಿಯ ಮೇಲೆ ಊರಿಗೆ ಕಳಿಸಿದ. ಮರುದಿನ ವಳಸಂಗದ ಕಡೆ ಹೊರಟರೆ ಅಲ್ಲೊಂದು ಟೆಂಪೋ ನಿಂತಿತು. ಹೀಗೆ ನಡೆಯಲು ಹೊರಟವನು ಅರ್ಧ ತಾಲೂಕನ್ನು ಕೂತೇ ಸುತ್ತಿದೆ. ಸೂಜಿ ಕನಸಿನಲ್ಲಿ ಬರತೊಡಗಿತು.

ನನ್ನ ಗೋಳು ಕೇಳಿ ಹೆಂಡತಿ, "ಕೈ ಬೀಸ್ಕೋತ ಹ್ವಾದ್ರ ಮಂದಿಗೆ ಮರುಕ ಬರೂದಿಲ್ಲೇನ್ರಿ? ಬಾಜೂಮನಿ ಮಾದೇವಕ್ಕನ ಆಡು ಹಿಡ್ಕೊಂಡು ಹೋಗ್ರಿ. ಆಡು ಇದ್ದಾವ್ನ ಯಾರು ಗಾಡಿ ಹತ್ತಸ್ತಾರ?" ಎಂದಳು.

ಮಾನ ಮರ್ಯಾದೆ ಬದಿಗಿಟ್ಟು ಹಗ್ಗ ಹಿಡಿದೆ. ಏನು ಹೇಳಲಿ! ಅದೇ ಗಿರಾಕಿ ಎದುರು ಬಂದ, "ಆಡು ಚಲೋ ಐತ್ರಿ" ಎಂದವನೇ ನಿಲ್ಲದೆ ಹೋದ. ನನಗೀಗ ಕೆಲಸವಿತ್ತಲ್ಲ! ಬೂಟು ಸವೆಯುವಷ್ಟು ನಡೆದೆ. ತಪಾಸಣೆಯಲ್ಲಿ ಸಕ್ಕರೆ ಇಳಿದಿತ್ತು, ಸೂಜಿ ತಪ್ಪಿತು. ಖುಷಿಗೆ ಆಸ್ಪತ್ರೆಯಿಂದಲೂ ನಡೆದೇ ಬಂದೆ.

ಆ ಸಂಜೆ ಮಾದೇವಕ್ಕ ಬಂದಳು. "ನೀವು ಆರಾಮಾದ್ರಿ, ಭಾಳ ಚಲೋ ಆತು. ಆದ್ರ ನನ್ನ ಆಡು ನೋಡ್ರಿ, ಎಲುಬು ಕಾಣಾಕತ್ತಾವು!"

ಇನ್ನು ಆಡು ನಿಂತಲ್ಲಿ ಮೇಯಲು ಬಿಡುತ್ತೇನೆಂದು ಕೈಮುಗಿದು ರಾಜಿ ಮಾಡಿಕೊಂಡೆ. ಈಗ ಆಡು ಕಂಡ ಕಂಡ ಜಾಲಿಯ ಬುಡದಲ್ಲಿ ನಿಂತು ಹೊಟ್ಟೆ ಬಿರಿಯುವಂತೆ ಮೇಯುತ್ತದೆ. ಬೆಳಿಗ್ಗೆ ಸಪ್ಪೆ ಚಹಾ ಕುಡಿದು ಹೊರಟ ನಾನು ಹಗ್ಗ ಹಿಡಿದು, ಅದರ ಬಾಯನ್ನೇ ನೋಡುತ್ತಾ ನಿಂತಿರುತ್ತೇನೆ.