ಮಾವನ ಮನೆಯ ಒಂದೇ ಮೊಳೆ

ಮಾವನ ಮನೆಯ ಹಾಲಿನ ಗೋಡೆಯಲ್ಲಿ ಇದ್ದದ್ದು ಒಂದೇ ಮೊಳೆ. ಆ ಮೊಳೆಗೆ ಷಡ್ಡಕ ತೆಗೆದ ದೀಪಸ್ತಂಭದ ಫೋಟೋ ಏರಿದ ದಿನದಿಂದ ಲಗತ್ತಪ್ಪನಿಗೆ ತಿಂದ ಅನ್ನ ಮೈಗೆ ಹತ್ತಿರಲಿಲ್ಲ.

ಲಗತ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಅವನು ಟಪಾಲು ಗುಮಾಸ್ತ. ಬಂದ ಕಾಗದಕ್ಕೆಲ್ಲ ಮೊಹರು ಒತ್ತಿ, ನಂಬರು ಹಾಕಿ, ‘ಲಗತ್ತು: ಒಂದು’ ಎಂದು ಬರೆದು ಬರೆದು, ಲಗತ್ತಿಲ್ಲದ ಕಾಗದ ಕಂಡರೆ ಬೋಳುತಲೆ ಕಂಡಂತಾಗುತ್ತಿತ್ತು ಅವನಿಗೆ. ಒಮ್ಮೆ ಜ್ವರಕ್ಕೆ ರಜೆ ಕೇಳಿ, ಜೊತೆಗೆ ಥರ್ಮಾಮೀಟರಿನ ಚಿತ್ರ ಬರೆದು ಲಗತ್ತಿಸಿದ್ದ. ಅಂದಿನಿಂದ ಈ ಹೆಸರು ಅಂಟಿಕೊಂಡಿತು.

ಷಡ್ಡಕ ಎಂದರೆ ನಾದಿನಿಯ ಗಂಡ. ವಯಸ್ಸಿನಲ್ಲಿ ನಾಲ್ಕು ವರ್ಷ ಚಿಕ್ಕವನು. ಕಾರಿತ್ತು, ತಲೆತುಂಬ ಕೂದಲಿತ್ತು. ಅಷ್ಟು ಸಾಲದೆಂದು ರಜೆಗೆ ಹೋದಲ್ಲಿ ಕಾರಿನ ಕಿಟಕಿಯಿಂದ ಕೈ ಹೊರಹಾಕಿ ಸುಮ್ಮನೆ ಒತ್ತಿದ್ದೊಂದು ಫೋಟೋ ಮಾವನ ಗೋಡೆ ಹತ್ತಿ ಕೂತಿತ್ತು. ಬಂದವರೆಲ್ಲ ಯಾರು ತೆಗೆದದ್ದು ಎಂದು ಕೇಳುವುದು, ಮಾವ ‘ನಮ್ಮ ಚಿಕ್ಕ ಅಳಿಯಂದಿರು’ ಎಂದು ಬೀಗುವುದು, ದೊಡ್ಡ ಅಳಿಯ ಕಾಫಿ ಲೋಟದೊಳಗೆ ಮುಖ ಬಚ್ಚಿಡುವುದು. ಎರಡು ವರ್ಷ ಇದೇ ನಡೆಯಿತು. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರು ಯಾಕೆ?

ಒಂದು ದಿನ ತಡೆಯಲಾರದೆ, ಇಂಥ ದೀಪಸ್ತಂಭ ಎಲ್ಲ ಕ್ಯಾಲೆಂಡರಿನಲ್ಲೂ ಇರುತ್ತದೆ ಎಂದುಬಿಟ್ಟ. ಮಾವ ಚಿತ್ರಕಲೆಯ ಮೇಷ್ಟ್ರಾಗಿದ್ದವರು. ನಿವೃತ್ತರಾದರೂ ಮೇಷ್ಟ್ರುತನ ಬಿಟ್ಟಿರಲಿಲ್ಲ.

“ಬೇರೆ ಯಾರೂ ತೆಗೀದೇ ಇರೋವಂಥದ್ದು ಒಂದು ತನ್ನಿ ಅಳಿಯಂದ್ರೇ. ಇದನ್ನ ಇಳಿಸಿ ಅದನ್ನ ಹಾಕ್ತೀನಿ. ಮೊಳೆ ಮಾತ್ರ ಒಂದೇ.”

ಲಗತ್ತಪ್ಪ ಟೊಂಕ ಕಟ್ಟಿ ನಿಂತ. ಊರಾಚೆ ಯಾರೂ ಮೂಸಿ ನೋಡದ ಕೆರೆಯೊಂದಿತ್ತು, ಅದರ ಮೇಲೊಂದು ಮುರುಕು ಸೇತುವೆ. ಸೇತುವೆಯ ಒಂಟಿ ಕಮಾನಿನ ನಟ್ಟನಡುವೆ ಸೂರ್ಯ ಯಾವತ್ತು ಬಂದು ನಿಲ್ಲುತ್ತಾನೆ ಎಂದು ತಿಳಿಯಲು ಹನ್ನೆರಡು ಭಾನುವಾರ ಸೈಕಲ್ ತುಳಿದ. ದಡದಲ್ಲಿ ಗೂಟ ನೆಟ್ಟ, ನೆರಳು ಅಳೆದ. ಕೊನೆಗೆ ಬುಧವಾರ, ಬೆಳಿಗ್ಗೆ ಆರು ನಲವತ್ತೆರಡು ಎಂದು ಲೆಕ್ಕ ಕೂತಿತು. ಹೆಂಡತಿಗೂ ಜಾಗ ಹೇಳಲಿಲ್ಲ. ರಜೆ ಅರ್ಜಿ ಬರೆದು, ಪದ್ಧತಿಯಂತೆ ಲಗತ್ತನ್ನೂ ಸೇರಿಸಿ, ಹೆಡ್ ಗುಮಾಸ್ತರ ಮೇಜಿನ ಮೇಲಿಟ್ಟು ಬಂದ.

ಬುಧವಾರ ಮಸುಕು ಹರಿಯುವ ಮೊದಲೇ ಎದ್ದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರೆ ಬಾಗಿಲಲ್ಲಿ ಕಾರು ನಿಂತಿತು. ಈ ಕತ್ತಲಲ್ಲಿ ಸೈಕಲ್ ಬೇಡವೆಂದು ಹೆಂಡತಿ ರಾತ್ರಿಯೇ ತಂಗಿಗೆ ಫೋನು ಮಾಡಿದ್ದಳಂತೆ. ಫೋಟೋ ಮುಗಿಸಿ ಹಾಗೇ ಅಪ್ಪನ ಮನೆಗೆ ಹೋಗಿಬಂದರಾಯಿತು ಎಂದು ಅವಳೂ ಹತ್ತಿ ಕೂತಳು. ಷಡ್ಡಕ ಆಕಳಿಸುತ್ತ, “ನಿಮ್ಮ ಕೆಲಸಕ್ಕೆ ನಾನು ಅಡ್ಡ ಬರಲ್ಲ ಭಾವ, ಕಾರಲ್ಲೇ ಮಲಗಿರ್ತೀನಿ,” ಎಂದ. ಶತ್ರುವಿನ ಕಾರಿನಲ್ಲೇ ದಂಡಯಾತ್ರೆ ಹೊರಡುವ ಗ್ರಹಚಾರ!

ಲಗತ್ತಪ್ಪ ಕಾರಿನಿಂದ ಇಳಿದು ಕೆರೆಯ ದಡ ನೋಡಿದ. ಇಡೀ ಕಚೇರಿ ಅಲ್ಲಿತ್ತು. ಟೈಪಿಸ್ಟಮ್ಮ ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದರು. ಅವನು ನೆಟ್ಟ ಗೂಟಕ್ಕೆ ಜವಾನ ತನ್ನ ಟೋಪಿ ನೇತುಹಾಕಿದ್ದ. ಹೆಡ್ ಗುಮಾಸ್ತರು ಮಡಿಸಿದ ಕಾಗದವೊಂದನ್ನು ಬಿಡಿಸಿ ತೋರಿಸಿದರು. ಅವನದೇ ಕೈಬರಹ, ಅವನೇ ಬರೆದ ನಕ್ಷೆ, ಎಲ್ಲಿ ನಿಲ್ಲಬೇಕು ಎಂಬಲ್ಲಿ ಕೆಂಪು ಗುರುತು.

“ರಜೆ ಅರ್ಜಿ ನೋಟಿಸ್ ಬೋರ್ಡಿಗೆ ಹಾಕ್ಬೇಕಲ್ಲಪ್ಪ, ಲಗತ್ತೂ ಹಾಕಿದೆ,” ಎಂದರು ಅವರು. “ಎಷ್ಟು ಚೆನ್ನಾಗಿ ಬರ್ದಿದೀಯ! ಮಗು ಕೂಡ ದಾರಿ ತಪ್ಪಲ್ಲ.”

ಆರು ನಲವತ್ತು. ದಡದುದ್ದಕ್ಕೂ ಫೋನು ಹಿಡಿದ ಕೈಗಳು. ಕೆಂಪು ಗುರುತಿನ ಜಾಗದಲ್ಲಿ ಟೈಪಿಸ್ಟಮ್ಮನ ಕುರ್ಚಿ. ಲಗತ್ತಪ್ಪ ಪ್ಯಾಂಟು ಮೇಲಕ್ಕೆ ಮಡಚಿ, ಕ್ಯಾಮೆರಾ ತಲೆಯ ಮೇಲೆತ್ತಿ, ಎಲ್ಲರನ್ನೂ ದಾಟಿ ನೀರಿಗೇ ಇಳಿದ. ಮೊಣಕಾಲಾಯಿತು, ಸೊಂಟವಾಯಿತು. ಹಿಂದೆ ಯಾರೋ ಬುಸ್ಸೆಂದು ಉಸಿರು ಬಿಟ್ಟರು, ತಿರುಗಿ ನೋಡಲು ಪುರುಸೊತ್ತಿರಲಿಲ್ಲ. ಸೂರ್ಯ ಕಮಾನಿನೊಳಗೆ ಬಂದು ಕೂತ. ಲಗತ್ತಪ್ಪ ಒತ್ತಿದ. ಒಂದು ತಲೆಯಿಲ್ಲ, ಒಂದು ಟೋಪಿಯಿಲ್ಲ, ಅಚ್ಚುಕಟ್ಟಾದ ಫೋಟೋ! ಒದ್ದೆ ಪ್ಯಾಂಟಿನಲ್ಲೇ ಕಾರು ಹತ್ತಿ, ಗೊರಕೆ ಹೊಡೆಯುತ್ತಿದ್ದ ಷಡ್ಡಕನನ್ನು ಕಂಡಾಗ ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ಮೇಲೆ ಪ್ರೀತಿ ಉಕ್ಕಿತು.

ಮಾವ ಕನ್ನಡಕ ಏರಿಸಿ ಕ್ಯಾಮೆರಾದ ಪರದೆಯಲ್ಲಿ ಫೋಟೋ ನೋಡಿದರು. ನೋಡಿಯೇ ನೋಡಿದರು. ಆಮೇಲೆ ತಮ್ಮ ಫೋನು ತೆಗೆದು ಅದರ ಪಕ್ಕದಲ್ಲಿಟ್ಟರು. ಹೆಡ್ ಗುಮಾಸ್ತರು ಮಾವನ ಪಕ್ಕದ ಮನೆಯವರೇ.

“ಶುಭೋದಯ ಅಂತ ಬರ್ದು ನಿಮ್ಮ ಹೆಡ್ ಗುಮಾಸ್ತ್ರು ಏಳು ಗಂಟೆಗೇ ಕಳ್ಸಿದ್ರು. ಆಮೇಲೆ ನಿಮ್ಮ ಕಚೇರಿಯವರದು ಇಂಥದೇ ಇನ್ನೂ ಐದು ಬಂತು. ಅದೇ ಕಮಾನು, ಅದೇ ಸೂರ್ಯ. ನಿಮ್ಮದು ಸ್ವಲ್ಪ ಓರೆ ಅಳಿಯಂದ್ರೇ.”

ಲಗತ್ತಪ್ಪ ಗೋಡೆಯ ಕಡೆ ನೋಡಿದ. ಹೋಗಲಿ, ದೀಪಸ್ತಂಭವಾದರೂ ಹಳೆಯ ನೋವು, ಅಭ್ಯಾಸವಾಗಿದೆ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಷಡ್ಡಕ ಮೈಮುರಿದು ಜೇಬಿಗೆ ಕೈ ಹಾಕಿದ.

“ನಡುವೆ ಒಂದ್ಸಲ ಎಚ್ಚರ ಆಗಿತ್ತು ಮಾವ. ಕಾರು ಪಕ್ಕದ ದಡದಲ್ಲಿತ್ತಲ್ಲ, ಕಿಟಕಿಯಿಂದ ಒಂದು ಒತ್ತಿದ್ದೆ. ಏನೂ ಚೆನ್ನಾಗಿಲ್ಲ ಬಿಡಿ.”

ಮಾವ ನೋಡಿದರು. ಅವರ ಭುಜ ಅಲುಗಿತು, ಹೊಟ್ಟೆ ಅಲುಗಿತು, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಹೊನ್ನಿನಂಥ ನೀರಿನಲ್ಲಿ ಸೊಂಟದವರೆಗೆ ಮುಳುಗಿ, ಬಾಯಿ ತೆರೆದು, ಕ್ಯಾಮೆರಾ ಹಿಡಿದು ನಿಂತ ಲಗತ್ತಪ್ಪ. ಅವನ ಭುಜದ ಮೇಲಿಂದ ಕತ್ತು ಚಾಚಿ, ಅದೇ ಸೂರ್ಯನನ್ನು ಅಷ್ಟೇ ಶ್ರದ್ಧೆಯಿಂದ ನೋಡುತ್ತಿರುವ ಒಂದು ಎಮ್ಮೆ.

“ಇದನ್ನ ಯಾರೂ ತೆಗೆದಿಲ್ಲ,” ಎಂದರು ಮಾವ. “ಇನ್ಮುಂದೆ ಯಾರೂ ತೆಗೆಯೋಕೂ ಆಗಲ್ಲ.” ಎದ್ದುಹೋಗಿ ದೀಪಸ್ತಂಭವನ್ನು ಇಳಿಸಿದರು. ಹೆಂಡತಿ ಕೂಡ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಮರುವಾರ ಕಚೇರಿಗೆ ದಪ್ಪನೆಯ ಲಕೋಟೆಯೊಂದು ಬಂತು. ಹೆಡ್ ಗುಮಾಸ್ತರು ನೋಟಿಸ್ ಬೋರ್ಡಿಗೆಂದು ಷಡ್ಡಕನಿಂದ ಕೇಳಿ ತರಿಸಿಕೊಂಡ ಆ ಫೋಟೋದ ಪ್ರತಿ. ಟಪಾಲು ಯಾರದಾದರೂ ಲಗತ್ತಪ್ಪ ಸ್ವೀಕರಿಸಲೇಬೇಕು. ಮೊಹರು ಒತ್ತಿದ, ನಂಬರು ಹಾಕಿದ. ‘ವಿಷಯ’ ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತು ‘ಎಮ್ಮೆಯ ಫೋಟೋ’ ಎಂದು ಬರೆದ. ನೌಕರಿಗೆ ಸೇರಿದಂದಿನಿಂದ ಮೊದಲ ಸಲ, ಲಗತ್ತಿನ ಜಾಗವನ್ನು ಖಾಲಿ ಬಿಟ್ಟ.